ಗೋಡೆಯ ಮೇಲಣ ಋಣ

ಸಾಲವೆಂಬುದು ನಮ್ಮ ಬಯಲುಸೀಮೆಯವರಿಗೆ ಹೊಸ ನೆಂಟನೇನೂ ಅಲ್ಲ. ಚಳ್ಳಕೆರೆಯ ಮಂಡಿಯಲ್ಲಿ ಬಿತ್ತನೆಯ ಶೇಂಗಾಕ್ಕೆಂದು ಎತ್ತಿದ ಹಣವಾಗಲಿ, ಮೊಳಕಾಲ್ಮುರಿನ ನೇಕಾರನು ಸಾಹುಕಾರನ ಮನೆಯಿಂದ ರೇಷ್ಮೆ ಜರಿಗಳೊಡನೆ ಹೊತ್ತು ತಂದ ಮುಂಗಡವಾಗಲಿ, ಮಗಳ ಮದುವೆಯ ಹೊತ್ತಿಗೆ ಹೆಬ್ಬೆಟ್ಟೊತ್ತಿ ಕೊಟ್ಟ ಕಾಗದವಾಗಲಿ, ಪ್ರತಿಯೊಂದಕ್ಕೂ ಒಂದು ತಿಥಿಯಿದೆ, ಒಬ್ಬ ಸಾಕ್ಷಿಯಿದ್ದಾನೆ, ಕೊಟ್ಟವನ ಗತ್ತೂ ಕೊಂಡವನ ಸಂಕೋಚವೂ ಮನಸ್ಸಿನಲ್ಲಿ ಹಾಗೆಯೇ ಉಳಿದಿರುತ್ತವೆ. ಋಣಿಯಾದವನು ತಾನು ಋಣಿಯೆಂಬುದನ್ನು ಅರಿತೇ ಋಣಿಯಾಗಿರುತ್ತಾನೆ. ಈ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ, ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು, ಮನೆಯವರು ಉಣ್ಣುವಾಗಲೂ ಮಲಗಿರುವಾಗಲೂ ಊರು ಬಿಟ್ಟು ಹೋಗಿರುವಾಗಲೂ ತನ್ನಷ್ಟಕ್ಕೆ ತಾನು ಬೆಳೆಯುತ್ತಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಅಂಕಿಯ ರೂಪದಲ್ಲಿ ಪ್ರತ್ಯಕ್ಷವಾಗುವ ಸಾಲವೊಂದಿದೆ; ಅದು ಕರೆಂಟಿನ ಬಾಕಿ.

ಅದರ ದರ್ಶನವಾಗುವುದು ಮೀಟರ್ ರೀಡರನು ಕೈಯಲ್ಲಿನ ಯಂತ್ರದಿಂದ ಹರಿದುಕೊಡುವ ಗೇಣುದ್ದದ ಕಾಗದದಲ್ಲಿ. ಮೇಲ್ಗಡೆ ಸಂಪರ್ಕದ ಗುರುತಾದ ಆರ್.ಆರ್. ನಂಬರು, ಕೆಳಗೆ ಮಂಜೂರಾದ ಲೋಡು, ಹಿಂದಿನ ರೀಡಿಂಗು, ಇಂದಿನ ರೀಡಿಂಗು, ತರುವಾಯ ನಿಗದಿತ ಶುಲ್ಕ, ಯೂನಿಟ್ಟಿನ ಶುಲ್ಕ, ಇಂಧನ ಹೊಂದಾಣಿಕೆಯ ಶುಲ್ಕ, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 2025ರ ಏಪ್ರಿಲಿನಿಂದ ಬಂದು ಸೇರಿದ, 2025-26ರಲ್ಲಿ ಯೂನಿಟ್ಟಿಗೆ 36 ಪೈಸೆಯಿದ್ದ ಶುಲ್ಕ, ಶೇ 9ರ ತೆರಿಗೆ, ಇಷ್ಟೆಲ್ಲವೂ ಮುಗಿದ ಮೇಲೆ ‘ಬಾಕಿ’ ಎಂಬ ಒಂದು ಸಾಲು, ಅದರ ಬೆನ್ನಿಗೇ ತಿಂಗಳಿಗೆ ಶೇ 1ರ ಲೆಕ್ಕದ ಬಡ್ಡಿ. ಶಾಖದಿಂದ ಅಚ್ಚಾಗುವ ಈ ಕಾಗದವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಹೋದರೆ, ಚಳ್ಳಕೆರೆಯ ಬಿಸಿಲು ಅಚ್ಚನ್ನು ಬಹುಬೇಗ ಅಳಿಸಿಬಿಡುತ್ತದೆ. ಪುರಾವೆ ಮಾಸುತ್ತದೆ, ಮೊತ್ತ ಮಾತ್ರ ಮಾಸುವುದಿಲ್ಲ.

ಹಾಗೆಂದು ಈ ಸೀಮೆ ಬೆಳಕಿಗೆ ಬಡವಾದುದೆಂದು ಯಾರೂ ಭಾವಿಸಬೇಕಾಗಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ಕಾಲದಲ್ಲಿ ಈ ಕಡೆಯ ಹಟ್ಟಿಗಳು ಹಣತೆಯನ್ನೇ ನೆಚ್ಚಿದ್ದವೆಂಬುದು ನಿಜ. ಇಂದಾದರೋ ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತಿವೆ. ಪರಶುರಾಂಪುರ ಹೋಬಳಿಯ ಆಚೆಗಿರುವ ಪಾವಗಡದಲ್ಲಿ 2018ರಲ್ಲಿ ಕಾರ್ಯಾರಂಭ ಮಾಡಿದ ಸೌರ ಉದ್ಯಾನವು 2,050 ಮೆಗಾವಾಟ್ ಸಾಮರ್ಥ್ಯದ್ದು. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಇಸ್ರೋದ ಮರುಬಳಕೆಯ ವ್ಯೋಮನೌಕೆ 2023ರ ಏಪ್ರಿಲಿನಲ್ಲಿ ತಾನಾಗಿ ನೆಲಕ್ಕಿಳಿಯುವುದನ್ನು ಕಲಿಯಿತು. ಮಳೆಯೊಂದನ್ನು ಬಿಟ್ಟರೆ ಆಕಾಶದಿಂದ ಬರತಕ್ಕದ್ದೆಲ್ಲ ಇಲ್ಲಿಗೆ ಬಂದಿದೆ. ಎಣ್ಣೆಯ ಗಿರಣಿಗಳಿಂದ ಹೆಸರಾದ ಊರಿನಲ್ಲಿ, ವಿದ್ಯುತ್ತನ್ನು ಬೆಳೆದು ಹೊರಗೆ ಕಳಿಸುವ ಸೀಮೆಯಲ್ಲಿ, ನಾಲ್ಕು ಗೋಡೆಗಳ ನಡುವಣ ಒಂದು ದೀಪದ ಲೆಕ್ಕವು ಗಂಟಾಗಿ ಕೂರುವುದೇಕೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಅದಕ್ಕೆ ಉತ್ತರವನ್ನು ಹುಡುಕಹೊರಟರೆ ಭಾಗ್ಯಜ್ಯೋತಿಯಿಂದ ತೊಡಗಬೇಕಾಗುತ್ತದೆ. 1979-80ರಲ್ಲಿ ಆರಂಭವಾದ ಆ ಯೋಜನೆಯು ಬಡವನ ಗುಡಿಸಲಿಗೆ 40 ವಾಟಿನ ಒಂದು ಬಲ್ಬನ್ನು ಕೊಟ್ಟಿತು. ಹತ್ತು ವರ್ಷ ತುಂಬುವ ಮೊದಲೇ ಅದರ ಜೊತೆಗೆ ಕುಟೀರಜ್ಯೋತಿಯೂ ಬಂದಿತು. ತಿಂಗಳಿಗೆ 18 ಯೂನಿಟ್ಟುಗಳ ಮಿತಿಯೊಂದು ಈ ಸಂಪರ್ಕಗಳಿಗೆ ಬಹುಕಾಲ ಇದ್ದಿತು. ನಲವತ್ತು ವಾಟಿನ ಬಲ್ಬನ್ನು ದಿನಕ್ಕೆ ಹದಿನೈದು ಗಂಟೆ ಉರಿಸಿದರೂ ತಿಂಗಳಿಗೆ 18 ಯೂನಿಟ್ಟನ್ನು ಮೀರುವುದಿಲ್ಲ. ಆದುದರಿಂದ ಮಿತಿಯು ಔದಾರ್ಯದ್ದೇ. ಆದರೆ ಮನೆಯೆಂಬುದು ಒಂದು ಬಲ್ಬಿನಲ್ಲಿ ನಿಲ್ಲುವ ವಸ್ತುವಲ್ಲ. ಮಕ್ಕಳು ಬೆಳೆದರು, ಟೀವಿ ಬಂದಿತು, ಸೊಸೆ ತವರಿನಿಂದ ಮಿಕ್ಸಿ ತಂದಳು, ಬೇಸಗೆಗೆ ಫ್ಯಾನು ತಿರುಗಿತು. ಮಿತಿ ದಾಟಿದ ತಿಂಗಳಿನಿಂದ ಲೆಕ್ಕವು ಸಾಮಾನ್ಯ ದರಕ್ಕೆ ತಿರುಗಿಕೊಂಡರೂ, ಮನೆಯವರ ಮನಸ್ಸಿನಲ್ಲಿ ಅದು ‘ಸರ್ಕಾರದ ಪುಕ್ಕಟೆ ಕರೆಂಟು’ ಆಗಿಯೇ ಉಳಿಯಿತು. ಪುಕ್ಕಟೆ ಎಂದುಕೊಂಡ ವಸ್ತುವಿನ ರಸೀತಿಯನ್ನು ಯಾರು ತಾನೆ ಓದುತ್ತಾರೆ? ಹೀಗೆ ಸದುದ್ದೇಶದಿಂದ ಕೊಟ್ಟ ದೀಪದ ಬುಡದಲ್ಲಿಯೇ ಬಾಕಿಯ ಕತ್ತಲೆ ವರ್ಷಾನುಗಟ್ಟಲೆ ಶೇಖರವಾಗುತ್ತ ಹೋಯಿತು.

2023ರ ಜೂನಿನಲ್ಲಿ ಕೊಪ್ಪಳದ ಭಾಗ್ಯನಗರದಲ್ಲಿ ನಡೆದ ಸಂಗತಿಯನ್ನು ಓದುಗರು ಮರೆತಿರಲಾರರು. ತಗಡಿನ ಶೆಡ್ಡಿನಲ್ಲಿ ಎರಡು ಬಲ್ಬುಗಳ ಬೆಳಕಿನಲ್ಲಿ ವಾಸವಾಗಿದ್ದ ವೃದ್ಧೆಯೊಬ್ಬರಿಗೆ, ಭಾಗ್ಯಜ್ಯೋತಿಯ ಸಂಪರ್ಕವೇ ಆಗಿದ್ದ ಮನೆಗೆ, ಒಂದು ಲಕ್ಷದ ಮೂರು ಸಾವಿರಕ್ಕೂ ಮಿಕ್ಕಿದ ಬಿಲ್ಲು ಬಂದಿತು. ಪತ್ರಿಕೆಗಳಲ್ಲಿ ಸುದ್ದಿಯಾಗಿ, ಅಧಿಕಾರಿಗಳು ಓಡಿಬಂದು, ಮೀಟರಿನ ದೋಷವೆಂದು ಇಂಧನ ಸಚಿವರೇ ಹೇಳಿ, ಆ ಹಣವನ್ನು ಕಟ್ಟಬೇಕಾಗಿಲ್ಲವೆಂದು ತೀರ್ಮಾನವಾಯಿತು. ಲಕ್ಷದ ಬಿಲ್ಲಿಗೆ ಇಂಥ ಅದೃಷ್ಟವಿದೆ. ಅಸಂಬದ್ಧತೆಯೇ ಅದಕ್ಕೆ ರಕ್ಷಣೆ. ನಾಲ್ಕು ಸಾವಿರದ, ಏಳು ಸಾವಿರದ ಬಾಕಿಗೆ ಆ ಭಾಗ್ಯವಿಲ್ಲ. ಅದು ನಂಬಲು ಸಾಧ್ಯವಾಗುವಷ್ಟು ಸಣ್ಣದು, ಕಟ್ಟಲು ಸಾಧ್ಯವಾಗದಷ್ಟು ದೊಡ್ಡದು. ಅದನ್ನು ಕುರಿತು ಯಾವ ಪತ್ರಿಕೆಯೂ ಬರೆಯುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಎಂಬ ನಮ್ಮ ಎರಡು ತಾಲ್ಲೂಕುಗಳಿಗೆ ವಿಶೇಷವಾದ ಇನ್ನೊಂದು ಕಾರಣವಿದೆ: ಬೀಗ ಹಾಕಿದ ಬಾಗಿಲು. ಶೇಂಗಾ ಕಿತ್ತು ಮುಗಿದು, ಹೊಟ್ಟು ಬಣವೆ ಸೇರಿದ ಮೇಲೆ, ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ, ಕೆಲವರು ಕಾಫಿ ತೋಟಗಳಿಗೆ ಗುಳೆ ಹೊರಡುತ್ತಾರೆ. ಕುರಿ ಸಾಕಿದವರು ಮಂದೆಯನ್ನು ಹೊಡೆದುಕೊಂಡು, ನೀರಾವರಿಯ ಗದ್ದೆಗಳಲ್ಲಿ ಮಂದೆ ನಿಲ್ಲಿಸುತ್ತ ತಿಂಗಳುಗಟ್ಟಲೆ ಊರ ಹೊರಗೇ ಇರುತ್ತಾರೆ. ಮೀಟರು ಮನೆಯ ಒಳಗಿದ್ದು ಬಾಗಿಲಿಗೆ ಬೀಗವಿದ್ದರೆ, ರೀಡರನು ‘ಡೋರ್ ಲಾಕ್’ ಎಂದು ಬರೆದುಕೊಂಡು ಸರಾಸರಿಯ ಬಿಲ್ಲನ್ನು ಹರಿದಿಟ್ಟು ಹೋಗುತ್ತಾನೆ. ಮೀಟರು ಹೊರಗಿದ್ದರೆ ಬಳಕೆ ಶೂನ್ಯವೆಂದು ನಮೂದಾಗುವುದಾದರೂ, ಮಂಜೂರಾದ ಪ್ರತಿ ಕಿಲೋವಾಟಿಗೆ ನೂರು ರೂಪಾಯಿಗೂ ಮೀರಿದ ನಿಗದಿತ ಶುಲ್ಕವು ತಿಂಗಳು ತಪ್ಪದೆ ಬೀಳುತ್ತಲೇ ಇರುತ್ತದೆ. ಗೃಹಜ್ಯೋತಿಯೆಂಬ ಸರ್ಕಾರದ ಉಚಿತ ವಿದ್ಯುತ್ ಯೋಜನೆಗೆ ಹೆಸರು ಬರೆಸದ ಮನೆಗೆ, ಅಥವಾ ಮೀಟರು ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿಯೇ ಇರುವ ಮನೆಗೆ, ಇದರಿಂದ ತಪ್ಪಿಸಿಕೊಳ್ಳುವ ಮಾರ್ಗ ಸುಲಭವಾದುದಲ್ಲ. ಮುಂಗಾರಿನ ಹೊತ್ತಿಗೆ ಹಿಂದಿರುಗಿದ ಯಜಮಾನನು ಬಿಲ್ ಕೌಂಟರಿನ ಮುಂದೆ ನಿಂತಾಗ ನಡೆಯುವ ಸಂವಾದವು ಸುಮಾರಾಗಿ ಹೀಗಿರುತ್ತದೆ:

“ಯಾಕ್ ಸ್ವಾಮಿ, ನಾವು ಬೀಗ ಹಾಕ್ಕಂಡು ಹೋಗಿದ್ದು ಕಾರ್ತೀಕದಾಗೆ. ಒಂದ್ ಬಲ್ಬೂ ಉರಿದಿಲ್ಲ. ಕರೆಂಟು ಸುಟ್ಟಿದ್ದು ಯಾರು, ಇಲಿ ಏನು?”

“ಸುಟ್ಟಿದ್ದಕ್ಕಲ್ಲ ಅಜ್ಜಾ, ಇದು ತಿಂಗ್ಳು ತಿಂಗ್ಳು ಬೀಳೋ ಚಾರ್ಜು. ಬೀಗ ಇದ್ರೂ ಬೀಳ್ತದೆ.”

“ಅಲ್ಲಪ್ಪಾ, ತಿಂಗ್ಳು ತಿಂಗ್ಳು ಸಂಬಳ ತಗಂಡೋನು ಮನೇನಾದ್ರೂ ಕಾದ್ನಾ?”

ಅಜ್ಜನ ಪ್ರಶ್ನೆಗೆ ಕೌಂಟರಿನೊಳಗಿನ ಹುಡುಗನಲ್ಲಿ ಉತ್ತರವಿರುವುದಿಲ್ಲ, ಇರಬೇಕಾದುದೂ ಇಲ್ಲ. ಕಂಬ, ತಂತಿ, ಪರಿವರ್ತಕಗಳು ಬಳಸಿದರೂ ಬಳಸದಿದ್ದರೂ ನಿಂತಿರಬೇಕಾದ್ದರಿಂದ ಅವುಗಳ ವೆಚ್ಚವು ನಿಂತ ಶುಲ್ಕವಾಗಿ ಬರುತ್ತದೆಂಬುದು ಅರ್ಥಶಾಸ್ತ್ರದ ದೃಷ್ಟಿಯಿಂದ ಒಪ್ಪತಕ್ಕ ಮಾತೇ. ಒಪ್ಪಲಾಗದ್ದು, ಅದನ್ನು ಅಜ್ಜನಿಗೆ ಹೊರಡುವ ಮೊದಲು ಯಾರೂ ತಿಳಿಸಲಿಲ್ಲವೆಂಬುದು.

2023ರ ಜುಲೈ 1ರಿಂದ ಗೃಹಜ್ಯೋತಿ ಜಾರಿಗೆ ಬಂದು, ಆಗಸ್ಟಿನಿಂದ ಮನೆಮನೆಗೆ ಶೂನ್ಯದ ಬಿಲ್ಲುಗಳು ಬರತೊಡಗಿದ ಮೇಲೆ ಈ ಕಷ್ಟವೆಲ್ಲ ತೀರಿತೆಂದೇ ಬಹುಮಂದಿ ತಿಳಿದರು. ಬಹುಪಾಲು ಮನೆಗಳ ಮಟ್ಟಿಗೆ ತೀರಿತೆಂಬುದನ್ನು ಅಲ್ಲಗಳೆಯುವುದು ನ್ಯಾಯವಾಗದು. ಆದರೆ ‘ಇನ್ನೂರು ಯೂನಿಟ್ ಉಚಿತ’ ಎಂದು ಕೂಗಿ ಹೇಳಿದ್ದಕ್ಕೂ ಆದೇಶದಲ್ಲಿ ಬರೆದದ್ದಕ್ಕೂ ನಡುವೆ ಒಂದು ಸಣ್ಣ ಅಂತರವಿದ್ದಿತು. ಪ್ರತಿಯೊಂದು ಮನೆಯ ಹಕ್ಕು 2022-23ರ ಅದರ ಸ್ವಂತ ಸರಾಸರಿಯ ಮೇಲೆ ಶೇ 10ರಷ್ಟು ಮಾತ್ರ. 2024ರ ಜನವರಿಯಲ್ಲಿ ಅಲ್ಪ ಬಳಕೆಯ ಮನೆಗಳಿಗೆ ಈ ಶೇ 10ನ್ನು 10 ಯೂನಿಟ್ಟುಗಳಾಗಿ ಸಡಿಲಿಸಲಾಯಿತು. ಹಕ್ಕನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು. 200ನ್ನು ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಇದರ ಪರಿಣಾಮವನ್ನು ಗುಳೆ ಹೋಗುವ ಮನೆಗೆ ಅನ್ವಯಿಸಿ ನೋಡಿರಿ: ವರ್ಷದಲ್ಲಿ ಅರ್ಧಭಾಗ ಬೀಗ ಬಿದ್ದಿದ್ದ ಮನೆಯ ಸರಾಸರಿ ತಿಂಗಳಿಗೆ 20 ಯೂನಿಟ್ಟೆಂದು ಬಂದರೆ ಅದರ ಹಕ್ಕು 30, ಮನೆಮಂದಿಯೆಲ್ಲ ಸೇರಿದ ಬೇಸಗೆಯ ತಿಂಗಳಲ್ಲಿ 60 ಉರಿದರೆ ಉಳಿದ 30ಕ್ಕೆ ಬಿಲ್ಲು. ಇಡೀ ವರ್ಷ ಫ್ಯಾನಿನಡಿ ಕುಳಿತಿದ್ದವನಿಗೆ ಹೆಚ್ಚು ಉಚಿತ, ಹೊಟ್ಟೆಪಾಡಿಗೆ ಊರು ಬಿಟ್ಟವನಿಗೆ ಕಡಮೆ ಉಚಿತ! ಇದರಲ್ಲಿ ದುರುದ್ದೇಶವಿಲ್ಲ, ಸರಾಸರಿಯೆಂಬ ಗಣಿತವು ಬಡತನದ ಕಾರಣವನ್ನು ಕೇಳುವುದಿಲ್ಲ, ಅಷ್ಟೆ. ಇದರ ಮೇಲೆ 2023ರ ಜೂನ್ 30ರವರೆಗಿನ ಹಳೆಯ ಬಾಕಿಯನ್ನು ಮೂರು ತಿಂಗಳೊಳಗೆ ತೀರಿಸದಿದ್ದರೆ ಸಂಪರ್ಕ ಕಡಿತವೆಂಬ ಷರತ್ತೂ ಆ ಆದೇಶದೊಡನೆಯೇ ಇದ್ದಿತು. ಉಚಿತದ ಸುದ್ದಿ ಊರಿಗೆಲ್ಲ ಮುಟ್ಟಿತು. ಷರತ್ತು ಮುಟ್ಟಿದ್ದು ಲೈನ್‌ಮನ್ ಏಣಿ ಹಿಡಿದು ಬಂದಾಗ.

ಲೈನ್‌ಮನ್ ಬಂದಾಗ ಮನೆಯವರಿಗಿರುವ ರಕ್ಷಣೆ ಯಾವುದು? 2003ರ ವಿದ್ಯುಚ್ಛಕ್ತಿ ಅಧಿನಿಯಮದ 56ನೆಯ ಪ್ರಕರಣವನ್ನು ಓದಿದಾಗ, ಅದನ್ನು ಬರೆದವರಲ್ಲಿ ಯಾರಿಗೋ ಬಡವನ ಮನೆಯ ನೆನಪಿದ್ದಿತೆಂದು ನನಗೆ ಅನ್ನಿಸಿತು. ಬಾಕಿಗಾಗಿ ಸಂಪರ್ಕವನ್ನು ಕಡಿಯುವ ಮೊದಲು ಪೂರಾ ಹದಿನೈದು ದಿನಗಳ ಲಿಖಿತ ನೋಟೀಸನ್ನು ಕೊಡತಕ್ಕದ್ದು. ಮೊತ್ತದ ವಿಷಯದಲ್ಲಿ ವಿವಾದವಿದ್ದರೆ, ಕೇಳಿದ ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಮೆಯೋ ಅದನ್ನು ಆಕ್ಷೇಪಣೆಯೊಡನೆ ಕಟ್ಟಿದವನ ಸಂಪರ್ಕವನ್ನು ವಿವಾದ ತೀರುವವರೆಗೆ ಕಡಿಯಕೂಡದು. ಮೊದಲು ಕೊಡಬೇಕಾದ ದಿನದಿಂದ ಎರಡು ವರ್ಷ ಕಳೆದ ಮೇಲೆ, ಬಿಲ್ಲುಗಳಲ್ಲಿ ನಿರಂತರವಾಗಿ ಬಾಕಿಯೆಂದು ತೋರಿಸುತ್ತ ಬಂದಿದ್ದ ಹೊರತು, ಆ ಹಣವನ್ನು ವಸೂಲು ಮಾಡಲಾಗದು. ಈ ಕೊನೆಯ ಮಾತಿನ ಅರ್ಥವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಾಜಸ್ಥಾನದ ಗ್ರಾಹಕನೊಬ್ಬನಿಗೆ 2009ರಿಂದ 2011ರವರೆಗೆ ತಪ್ಪು ದರದಲ್ಲಿ ಬಿಲ್ಲು ಮಾಡಿ, 2014ರಲ್ಲಿ ಲೆಕ್ಕಪರಿಶೋಧನೆಯಿಂದ ಅದು ಬೆಳಕಿಗೆ ಬಂದು, 1,29,765 ರೂಪಾಯಿಗಳ ಹೆಚ್ಚುವರಿ ಬೇಡಿಕೆಯನ್ನು ಕಂಪನಿಯು ಮುಂದಿಟ್ಟಿದ್ದಿತು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯವು ಕೊಟ್ಟ ತೀರ್ಪಿನ ಸಾರವಿಷ್ಟು: ತಪ್ಪು ಗೊತ್ತಾದ ಮೇಲೆ ಹಣ ಕೇಳುವ ಹಕ್ಕು ಕಂಪನಿಗೆ ಹೋಗುವುದಿಲ್ಲ, ಆದರೆ ಅವಧಿ ಮೀರಿದ ಬಾಕಿಗಾಗಿ ಕರೆಂಟನ್ನು ಕಡಿಯುವ ಅಸ್ತ್ರವನ್ನು ಬಳಸುವಂತಿಲ್ಲ. ಸಾಲ ಉಳಿಯಿತು, ಕತ್ತರಿ ಹೋಯಿತು. ಬಡವನ ಪಾಲಿಗೆ ಈ ಭೇದವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಪರೀಕ್ಷೆಯ ತಿಂಗಳಲ್ಲಿ ಮಕ್ಕಳಿರುವ ಮನೆಯವರು ಬಲ್ಲರು.

ಋಣವು ವ್ಯಕ್ತಿಯದೋ ಗೋಡೆಯದೋ ಎಂಬ ಪ್ರಶ್ನೆಯೂ ಇದೆ. ಹಳೆಯ ಮನೆಯನ್ನು ಕೊಂಡವನು ಹಿಂದಿನವನ ಬಾಕಿಯನ್ನು ತೆರಬೇಕೇ? ಕೇರಳದಿಂದ ಹೋದ ಕೆ.ಸಿ. ನೈನಾನ್ ಮೊಕದ್ದಮೆಯಲ್ಲಿ 2023ರ ಮೇ 19ರಂದು ಸುಪ್ರೀಂ ಕೋರ್ಟು, ಸರಬರಾಜಿನ ನಿಯಮಗಳಲ್ಲಿ ಹಾಗೆ ಬರೆದಿದ್ದರೆ, ಹಿಂದಿನ ಒಡೆಯನ ಬಾಕಿಯನ್ನು ತೀರಿಸಿದ ಮೇಲೆಯೇ ಹೊಸ ಸಂಪರ್ಕವೆಂದು ಕಂಪನಿಯು ಹಟ ಹಿಡಿಯಬಹುದೆಂದು ಹೇಳಿತು. ಆದಕಾರಣ ಮನೆ ಕೊಳ್ಳುವವರು ಪಹಣಿ, ಇ-ಸ್ವತ್ತು, ಋಣಭಾರದ ಪತ್ರಗಳನ್ನು ನೋಡುವಷ್ಟೇ ಶ್ರದ್ಧೆಯಿಂದ ಆರ್.ಆರ್. ನಂಬರಿನ ಬಾಕಿಯನ್ನೂ ನೋಡುವುದು ಕ್ಷೇಮ.

ಇಷ್ಟು ಹೊತ್ತು ಹೇಳಿದ್ದೆಲ್ಲ ತಿಂಗಳ ಕೊನೆಗೆ ಲೆಕ್ಕ ಒಪ್ಪಿಸುವ ಮೀಟರಿನ ಕಥೆ. ನಮ್ಮ ಎರಡು ತಾಲ್ಲೂಕುಗಳ ಸಾಮಾನ್ಯ ಮನೆಗಳ ಗೋಡೆಯ ಮೇಲೆ ಇಂದಿಗೂ ಇರುವುದು ಅದೇ. ಈಗ ಹೊಸ್ತಿಲಲ್ಲಿ ನಿಂತಿರುವುದು ಅದರ ತಮ್ಮ, ಪ್ರೀಪೇಯ್ಡ್ ಮೀಟರು. ಮೊದಲು ದುಡ್ಡು, ಆಮೇಲೆ ದೀಪ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ನಾಣ್ಯ ಹಾಕಿದರೆ ಅನಿಲ ಬಿಡುವ ಮೀಟರುಗಳಿದ್ದವು. ದಕ್ಷಿಣ ಆಫ್ರಿಕದಲ್ಲಿ ಇಂದು ಅಂಗಡಿಯಲ್ಲಿ ಇಪ್ಪತ್ತು ಅಂಕಿಗಳ ಒಂದು ಸಂಖ್ಯೆಯನ್ನು ಕೊಂಡುತಂದು ಮೀಟರಿಗೆ ಒತ್ತುತ್ತಾರೆ. ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಂದು ಪ್ರಕಟವಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಹೊಸ ಸಂಪರ್ಕಗಳಿಗೆ ಮುಂಗಡ ಪಾವತಿಯ ಮೀಟರನ್ನೇ ಸಾಮಾನ್ಯ ವಿಧಿಯನ್ನಾಗಿ ಮಾಡಿ, ವಿದ್ಯುತ್ ನಿಯಂತ್ರಣ ಆಯೋಗದ ಒಪ್ಪಿಗೆಯಿರುವೆಡೆ ಮಾತ್ರ ವಿನಾಯಿತಿಯನ್ನಿಟ್ಟವು. ನಮ್ಮ ವಿದ್ಯುತ್ ಕಂಪನಿಯಾದ ಬೆಸ್ಕಾಂ 2025ರ ಫೆಬ್ರವರಿಯಿಂದ ಹೊಸ ಹಾಗೂ ತಾತ್ಕಾಲಿಕ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಲು ಹೊರಟಾಗ, ಆ ಮೀಟರಿನ ಬೆಲೆಯನ್ನು ಕುರಿತು ವಿಧಾನಸಭೆಯಿಂದ ಹೈಕೋರ್ಟಿನವರೆಗೆ ನಡೆದ ಗದ್ದಲವನ್ನು ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ.

ಈ ಪದ್ಧತಿಯ ಪರವಾದ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮೊಬೈಲಿಗೆ ಮೊದಲೇ ದುಡ್ಡು ಹಾಕಿಸುವುದನ್ನು ಹಟ್ಟಿಯ ಕಟ್ಟಕಡೆಯ ಮನೆಯವರೂ ಕಲಿತಿದ್ದಾರೆ; ಹತ್ತು ರೂಪಾಯಿಯ ಎಣ್ಣೆ, ಇಪ್ಪತ್ತು ರೂಪಾಯಿಯ ಸಕ್ಕರೆ ಎಂದು ದಿನಗೂಲಿಗೆ ತಕ್ಕಂತೆ ಕೊಳ್ಳುವ ಸಂಸಾರಕ್ಕೆ ಕರೆಂಟನ್ನೂ ಹಾಗೆಯೇ ಕೊಳ್ಳುವುದು ಸಹಜವೇ ಆಗಬಹುದು; ಉರಿದಂತೆಲ್ಲ ಉಳಿದದ್ದು ಕಾಣುವುದರಿಂದ ಮಿತವ್ಯಯವೂ ಬರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಮುಂಗಡ ಕೊಟ್ಟವನ ಮೇಲೆ ಬಾಕಿ ಬೆಳೆಯುವ ಮಾತೆಲ್ಲಿ? ಸಾಲವೆಂಬುದರ ಬೇರನ್ನೇ ಕಿತ್ತಂತಾಯಿತೆಂದು ಈ ಯಂತ್ರವನ್ನು ಮಾರುವವರು ಹೇಳುತ್ತಾರೆ.

ಬೇರು ಕೀಳುವುದಿಲ್ಲವೆಂಬುದೇ ಬೇರೆಡೆಯ ಅನುಭವ. ಇಂಗ್ಲೆಂಡಿನ ಮನೆಯೊಂದರಲ್ಲಿ ಬೇಸಗೆಯಿಡೀ ಅನಿಲವನ್ನು ಉರಿಸದೆ, ಮೀಟರಿಗೆ ದುಡ್ಡನ್ನೂ ಹಾಕದೆ ಇದ್ದವನು, ಚಳಿಗಾಲದ ಮೊದಲ ದಿನ ದುಡ್ಡು ಹಾಕಿದರೆ ಅದರಲ್ಲಿ ಬಹುಪಾಲನ್ನು ಮೀಟರು ನುಂಗಿಬಿಡುತ್ತದೆ; ದಿನದಿನದ ನಿಂತ ಶುಲ್ಕವು ಅದರೊಳಗೆ ಸಾಲವಾಗಿ ಕೂತಿರುತ್ತದೆ. ನಮ್ಮ ಅಜ್ಜನು ಕೌಂಟರಿನಲ್ಲಿ ಕೇಳಿದ ಪ್ರಶ್ನೆಯನ್ನೇ ಅಲ್ಲಿಯವರೂ ತಮ್ಮ ಭಾಷೆಯಲ್ಲಿ ಕೇಳುತ್ತಿದ್ದಾರೆ. ಹಳೆಯ ಬಾಡಿಗೆದಾರನು ಬಿಟ್ಟುಹೋದ ಸಾಲವು ಹೊಸಬನ ದುಡ್ಡಿನಿಂದ ವಾರವಾರವೂ ಕಡಿತವಾಗುವುದೂ ಉಂಟು. ಸಾಲಗಾರರ ಮನೆಗಳಿಗೆ ಬಲವಂತವಾಗಿ ನುಗ್ಗಿ ಇಂಥ ಮೀಟರುಗಳನ್ನು ಕೂರಿಸುತ್ತಿದ್ದುದು 2023ರ ಆರಂಭದಲ್ಲಿ ಬಯಲಾಗಿ, ಅಲ್ಲಿನ ನಿಯಂತ್ರಕರು ಆ ಕೆಲಸವನ್ನು ನಿಲ್ಲಿಸಬೇಕಾಯಿತು. ನಮ್ಮ ಉತ್ತರ ಪ್ರದೇಶದಲ್ಲಿ 2020ರ ಆಗಸ್ಟ್ 12ರಂದು, ಕೃಷ್ಣಜನ್ಮಾಷ್ಟಮಿಯ ಸಂಜೆ, ತಪ್ಪಾದ ಒಂದು ಆಜ್ಞೆಯಿಂದ ಲಕ್ಷಕ್ಕೂ ಮಿಕ್ಕಿದ ಸ್ಮಾರ್ಟ್ ಮೀಟರುಗಳು ಬಾಕಿಯಿದ್ದವರು ಇಲ್ಲದವರೆಂಬ ಭೇದವಿಲ್ಲದೆ ಮನೆಗಳನ್ನು ಕತ್ತಲೆಗೆ ದೂಡಿದವು. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರದಲ್ಲಿ, ದುಡ್ಡು ಹಾಕಿದ್ದರೂ ಖಾತೆಯು ಶೂನ್ಯಕ್ಕಿಂತ ಕೆಳಗಿಳಿಯುತ್ತಿದೆಯೆಂದು ಜನ ಬೀದಿಗಿಳಿದರು. ಹಳೆಯ ಮೀಟರಿನ ಬಾಕಿಯನ್ನು ಹೊಸ ಮೀಟರಿನ ಮುಂಗಡದಲ್ಲಿ ಮುರಿದುಕೊಳ್ಳುವ ಏರ್ಪಾಡಿರುವವರೆಗೆ, ಗ್ರಾಹಕನು ನಾಳಿನ ದೀಪಕ್ಕೆಂದು ಕೊಟ್ಟ ಹಣವು ನಿನ್ನೆಯ ಕತ್ತಲೆಗೆ ಸಲ್ಲುತ್ತಲೇ ಇರುತ್ತದೆ.

ಮೊಳಕಾಲ್ಮುರಿನ ಕುಣಿಮಗ್ಗದ ಮನೆಯೊಂದನ್ನು ಹೊಕ್ಕು ನೋಡಿದರೆ ಈ ಮುಂಗಡದ ಪದ್ಧತಿಯ ಭಾರ ತಿಳಿಯುತ್ತದೆ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನ ನೆತ್ತಿಯ ಮೇಲೆ, ಎಳೆ ಕಾಣಲೆಂದು, ಹಗಲಿನಲ್ಲಿಯೂ ಒಂದು ದೀಪ ಉರಿಯುತ್ತಿರುತ್ತದೆ. ಒಂದು ಸೀರೆ ಮಗ್ಗದಿಂದ ಇಳಿಯುವುದಕ್ಕೆ ಎಷ್ಟೋ ದಿನಗಳು ಬೇಕು. ಸೀರೆಯನ್ನು ಸಾಹುಕಾರನಿಗೆ ಒಪ್ಪಿಸಿದಂದೇ ಕೂಲಿ, ಅದರಲ್ಲಿಯೂ ಹಿಂದಿನ ಮುಂಗಡದ ಮುರಿತ. ಚಳ್ಳಕೆರೆಯ ಮಳೆಯಾಶ್ರಯದ ರೈತನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ, ಅದೂ ಮಳೆ ಬಂದ ವರ್ಷ. ಒಬ್ಬನ ಆದಾಯಕ್ಕೆ ಸೀರೆಯ ಅಳತೆ, ಇನ್ನೊಬ್ಬನದಕ್ಕೆ ಬೆಳೆಯ ಅಳತೆ. ಬಿಲ್ಲಿಗೆ ತಿಂಗಳ ಅಳತೆ. ಪ್ರೀಪೇಯ್ಡ್ ಮೀಟರಿಗಾದರೋ ದಿನದ ಅಳತೆ. ಹಳೆಯ ಪದ್ಧತಿಯಲ್ಲಿ ತಿಂಗಳಷ್ಟು ಕಾಲ ಕಂಪನಿಯು ಮನೆಗೆ ಸಾಲ ಕೊಟ್ಟಂತೆ ಆಗುತ್ತಿದ್ದಿತು; ಹೊಸ ಪದ್ಧತಿಯಲ್ಲಿ ಮನೆಯೇ ಕಂಪನಿಗೆ ಸಾಲ ಕೊಟ್ಟಂತೆ. ಜೀವಮಾನವೆಲ್ಲ ಮುಂಗಡ ಪಡೆದೇ ಬಾಳಿದವನು ಮುಂಗಡ ಕೊಡುವವನಾಗಬೇಕಾದರೆ ಆ ಹಣವನ್ನು ಬೇರೊಬ್ಬರಲ್ಲಿ ಕಡ ಕೇಳಬೇಕಾಗುತ್ತದೆ. ಗೋಡೆಯ ಮೇಲಿದ್ದ ಋಣ ಪಕ್ಕದ ಅಂಗಡಿಯ ಉದ್ದರಿ ಪುಸ್ತಕಕ್ಕೆ ಹೋಯಿತೇ ಹೊರತು ಲೋಕದಿಂದ ಹೋಗಲಿಲ್ಲ.

ಈ ವ್ಯವಹಾರದಲ್ಲಿ ಹೆಚ್ಚು ಬೆಲೆಬಾಳುವ ವಸ್ತುವೆಂದು ನನಗೆ ತೋರುವುದು ಯೂನಿಟ್ಟೂ ಅಲ್ಲ, ರೂಪಾಯಿಯೂ ಅಲ್ಲ, ಆ ಹದಿನೈದು ದಿನಗಳ ನೋಟೀಸು. ಇಷ್ಟು ಕೊಡಬೇಕು, ಇಂಥ ಕಾರಣಕ್ಕೆ, ಇಂಥ ದಿನದೊಳಗೆ ಎಂದು ಕಾಗದದ ಮೇಲೆ ಬರೆದು ಕೈಗೆ ಕೊಟ್ಟರೆ, ಅಷ್ಟರಲ್ಲಿ ಒಬ್ಬ ಓದಿದ ಹುಡುಗನನ್ನು ಹಿಡಿದು ಓದಿಸಬಹುದು, ಒಂದು ಅರ್ಜಿ ಬರೆಸಬಹುದು, ಒಂದು ಕುರಿಮರಿಯನ್ನು ಸಂತೆಗೆ ಹೊಡೆಯಬಹುದು. ಉಳಿಕೆ ಸೊನ್ನೆಯಾದೊಡನೆ ತಾನೇ ಆರಿಸಿಬಿಡುವ ಯಂತ್ರದ ಮುಂದೆ ಈ ಕಾಲಾವಕಾಶವೇ ಕರಗಿಹೋಗುತ್ತದೆ. ಮೊಬೈಲಿಗೆ ಸಂದೇಶ ಬರುತ್ತದಲ್ಲಾ ಎನ್ನಬಹುದು; ಆ ಮೊಬೈಲು ಬೆಂಗಳೂರಿನ ಕಟ್ಟಡದ ಮೇಲಿರುವ ಮಗನ ಜೇಬಿನಲ್ಲಿರುತ್ತದೆ, ಕತ್ತಲಾಗುವುದು ಹಟ್ಟಿಯಲ್ಲಿರುವ ತಾಯಿಗೆ. ಹಳೆಯ ಮೀಟರಿನ ಮನೆಗಳಲ್ಲಿಯೂ ಕಾಲ ಕುಗ್ಗುತ್ತಿದೆ: 2024ರ ಸೆಪ್ಟೆಂಬರಿನಿಂದ ಬೆಸ್ಕಾಂನವರು, ಗಡುವು ಮೀರಿದ ಬಾಕಿಯಿರುವ ಮನೆಗಳ ಸಂಪರ್ಕವನ್ನು ರೀಡಿಂಗಿಗೆ ಬಂದ ದಿನವೇ ಕಡಿಯುವ ಕ್ರಮವನ್ನು ಕೈಗೊಂಡರು. ರೀಡರನೂ ಲೈನ್‌ಮನ್ನನೂ ಜೊತೆಯಾಗಿ ಬರುವ ಕಾಲವಿದು.

ನೋಟೀಸಿನ ಮಾತಿಗೆ ಬಂದರೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನು ಬರೆಸಿದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಸುತ್ತೋಲೆಯು ಪ್ರಾಕೃತದಲ್ಲಿದ್ದುದರಿಂದ ಅಂದಿನ ಈ ಊರಿನವರಿಗೆ ಎಷ್ಟು ತಿಳಿಯಿತೋ ಬಲ್ಲವರಿಲ್ಲ. ಬಿಲ್ಲಿನ ಮೇಲಿನ ಸಂಕೇತಾಕ್ಷರಗಳು ಇಂದಿನವರಿಗೆ ತಿಳಿಯುವಷ್ಟೇ ಇರಬಹುದು. ಆದರೂ ಸಾಮ್ರಾಟನು ತನ್ನ ನೋಟೀಸನ್ನು ಬಿಸಿಲಿಗೆ ಮಾಸದ ಸ್ಥಳದಲ್ಲಿ ಹಾಕಿಸಿದನೆಂಬುದನ್ನು ಒಪ್ಪಲೇಬೇಕು.

ಇನ್ನೊಂದು ವಿಚಾರ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ ಈ ಸೀಮೆಯ ಬಾಯಲ್ಲೆಲ್ಲ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನೆಲೆನಿಂತಿದೆ. ಪ್ರೀಪೇಯ್ಡ್ ಮೀಟರಿನವರಿಗೆ ಇದಕ್ಕಿಂತ ಒಳ್ಳೆಯ ಘೋಷಣೆ ಸಿಕ್ಕದು. ಆದರೆ ಸ್ವಾಮಿಗಳು ಕೆರೆ ಕಟ್ಟಿಸುವಾಗ ಆ ನಿಯಮವು ಮಣ್ಣು ಹೊತ್ತವರೆಲ್ಲರಿಗೂ ಸಮಾನವಾಗಿದ್ದಿತಂತೆ. ಕಾನೂನಿನ ಮಾತೂ ಅಂಥದೇ: ಅದೇ 2003ರ ಅಧಿನಿಯಮದ 65ನೆಯ ಪ್ರಕರಣವು, ರಾಜ್ಯಸರ್ಕಾರವು ಯಾವುದೇ ವರ್ಗಕ್ಕೆ ಸಹಾಯಧನ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿಯೇ ಕಂಪನಿಗೆ ಕಟ್ಟತಕ್ಕದ್ದೆಂದು ವಿಧಿಸುತ್ತದೆ. ಕಾನೂನಿನ ಕಣ್ಣಿನಲ್ಲಿ, ಸಹಾಯಧನದ ಮಟ್ಟಿಗೆ, ಸರ್ಕಾರವೇ ಮೊದಲನೆಯ ಪ್ರೀಪೇಯ್ಡ್ ಗ್ರಾಹಕ. ಬೀದಿದೀಪ, ಕುಡಿಯುವ ನೀರಿನ ಮೋಟಾರುಗಳ ಬಾಬ್ತು ಗ್ರಾಮ ಪಂಚಾಯಿತಿಗಳೂ ಸರ್ಕಾರಿ ಇಲಾಖೆಗಳೂ ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡಿರುವ ಬಾಕಿಯ ಗಾತ್ರವನ್ನು ಬಲ್ಲವರು, ಕತ್ತರಿಯು ಮೊದಲು ಯಾವ ಗೋಡೆಯ ಕಡೆಗೆ ನಡೆಯುತ್ತದೆಂಬುದನ್ನೂ ಬಲ್ಲರು.

ಅನಿರೀಕ್ಷಿತವಾದ ಬಾಕಿ ಬಂದಾಗ ಮಾಡತಕ್ಕದ್ದೇನೆಂಬುದನ್ನು ಹೇಳದೆ ಈ ಲೇಖನ ಮುಗಿಯುವಂತಿಲ್ಲ. ಕೋಪದಿಂದ ಕೌಂಟರಿನ ಹುಡುಗನನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಅವನು ಬರೆದವನಲ್ಲ, ಓದಿ ಹೇಳುವವನು. ಮೀಟರಿನ ಅಂಕಿ ಕಾಣುವಂತೆ ಅಂದೇ ಒಂದು ಚಿತ್ರ ತೆಗೆದುಕೊಂಡು, ಬಿಲ್ಲಿನ ರೀಡಿಂಗಿಗೂ ಅದಕ್ಕೂ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೆ ಆರ್.ಆರ್. ನಂಬರು ಸಹಿತವಾದ ಲಿಖಿತ ಅರ್ಜಿ, ಅದರ ನಕಲಿನ ಮೇಲೆ ಸ್ವೀಕೃತಿಯ ಮುದ್ರೆ; 1912ಕ್ಕೆ ಕರೆ ಮಾಡಿದ್ದರೆ ದೂರಿನ ಸಂಖ್ಯೆ. ಮೀಟರಿನ ಮೇಲೆಯೇ ಸಂದೇಹವಿದ್ದರೆ ಅದರ ಪರೀಕ್ಷೆಯನ್ನು ಕೇಳಬಹುದು. ಹಣ ನಿಜವಾಗಿ ಕೊಡಬೇಕಾದುದೇ ಆಗಿ ಒಂದೇ ಸಲ ಕಟ್ಟಲಾಗದಿದ್ದರೆ ಕಂತು ಕೇಳಲು ಸಂಕೋಚಪಡಬೇಕಾದ್ದಿಲ್ಲ. ವಿವಾದವಿದ್ದರೆ ಆರು ತಿಂಗಳ ಸರಾಸರಿಯನ್ನು ‘ಆಕ್ಷೇಪಣೆಯೊಡನೆ’ ಎಂದು ಬರೆದೇ ಕಟ್ಟಬೇಕು. ಅಲ್ಲಿ ತೀರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯುಂಟು, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಉಂಟು. ಎರಡೂ ಇದೇ ಅಧಿನಿಯಮದ 42ನೆಯ ಪ್ರಕರಣದಿಂದ ಹುಟ್ಟಿದವು.

ಮೀಟರು ಬದಲಾಗುವ ದಿನವನ್ನು ಕುರಿತು ಒಂದು ಮಾತು ವಿಶೇಷವಾಗಿ ಹೇಳಬೇಕು, ಏಕೆಂದರೆ ಮುಂದಿನ ಜಗಳಗಳೆಲ್ಲ ಆ ಅರ್ಧಗಂಟೆಯಲ್ಲಿ ಹುಟ್ಟುತ್ತವೆ. ಹಳೆಯ ಮೀಟರನ್ನು ಬಿಚ್ಚುವವನು ಅದರ ಕೊನೆಯ ರೀಡಿಂಗನ್ನು ಬರೆದು ಸಹಿ ಮಾಡಿ ಕೊಡುವವರೆಗೆ ಅವನನ್ನು ನೀರು ಮಜ್ಜಿಗೆ ಕೊಟ್ಟಾದರೂ ಕೂರಿಸಿಕೊಳ್ಳಬೇಕು. ಹಳೆಯ ಬಾಕಿಯೇನಾದರೂ ಇದ್ದರೆ ಅದು ಎಷ್ಟು, ದಿನಕ್ಕೆಷ್ಟರಂತೆ ಮುರಿಯುತ್ತಾರೆ ಎಂಬುದನ್ನು ಕಾಗದದಲ್ಲಿ ಪಡೆಯಬೇಕು. ಲೆಕ್ಕದ ಇನ್ನೊಂದು ಪಕ್ಕವೂ ಇದೆ. ಸಂಪರ್ಕ ಪಡೆದಂದು, ಹಿಂದಿನ ವಿದ್ಯುತ್ ಮಂಡಳಿಯಾದ ಕೆ.ಇ.ಬಿ.ಯ ಕಾಲದಲ್ಲಿಯೋ ಅನಂತರವೋ, ಮನೆಯ ಹಿರಿಯರು ಭದ್ರತಾ ಠೇವಣಿಯನ್ನು ಕಟ್ಟಿರುತ್ತಾರೆ. ಬಳಕೆ ಹೆಚ್ಚಿದಂತೆ ಎರಡು ತಿಂಗಳ ಬಿಲ್ಲಿನ ಲೆಕ್ಕದಲ್ಲಿ ಅದಕ್ಕೆ ಮತ್ತೆ ಮತ್ತೆ ಸೇರಿಸಿಯೂ ಇರುತ್ತಾರೆ. ಅದಕ್ಕೆ ಬಡ್ಡಿ ಕೊಡಬೇಕೆಂದು 47ನೆಯ ಪ್ರಕರಣ ಹೇಳುತ್ತದೆ. ಮುಂಗಡ ಪಾವತಿಯ ಮೀಟರಿಗೆ ಒಪ್ಪಿದವನಿಂದ ಠೇವಣಿಯನ್ನೇ ಕೇಳಕೂಡದೆಂದೂ ಅದೇ ಪ್ರಕರಣ ಹೇಳುತ್ತದೆ. ಆದ್ದರಿಂದ ಪ್ರೀಪೇಯ್ಡ್ ಮೀಟರಿಗೆ ಬದಲಾದ ಮನೆಯ ಖಾತೆಯಲ್ಲಿ ಆ ಠೇವಣಿ ಎಲ್ಲಿಗೆ ಹೋಯಿತು, ಬಾಕಿಗೆ ವಜಾ ಆಯಿತೋ, ಮುಂಗಡವಾಗಿ ಜಮೆಯಾಯಿತೋ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಬೇಕು. ಠೇವಣಿ ಕಟ್ಟಿದ ರಸೀತಿ ತಾತನ ಟ್ರಂಕಿನಲ್ಲಿ ಸಿಕ್ಕದೆ ಹೋದರೂ ಚಿಂತೆಯಿಲ್ಲ. ಠೇವಣಿಯ ಮೊತ್ತವನ್ನು ಖಾತೆಯಿಂದ ತೆಗೆದು ತೋರಿಸುವಂತೆ ಆರ್.ಆರ್. ನಂಬರನ್ನೇ ಬರೆದು ಉಪವಿಭಾಗದ ಕಚೇರಿಯಲ್ಲಿ ಕೇಳಬಹುದು.